ನೀಲಿಗಟ್ಟಿದ ಮದುವೆ

ನಮ್ಮ ಸೆವ್ಲಿಯೆವೊ ಊರಿನಲ್ಲಿ ಮದುವೆಯೆಂದರೆ ಕ್ಯಾಮೆರಾ ಹಿಡಿಯಲು ತಿಹೋಮಿರ್ ಬರಬೇಕು, ಹಿಡಿದದ್ದನ್ನು ಕತ್ತರಿಸಿ ಜೋಡಿಸಲು ಅವನ ತಂಗಿ ದೆನಿತ್ಸಾ ಕೂರಬೇಕು. ಹನ್ನೊಂದು ವರ್ಷಗಳಿಂದ ಇದೇ ಕ್ರಮ. ಅಣ್ಣನದು ದೊಡ್ಡ ಗಂಟಲು. ಜನರ ನಡುವೆ ನುಗ್ಗಿ, ಮುಖ ಗಂಟಿಕ್ಕಿದವರನ್ನೂ ನಗಿಸಿ ಚಿತ್ರ ತೆಗೆಯುತ್ತಾನೆ. ತಂಗಿಗೆ ಜನ ಬೇಡ. ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಕಂಪ್ಯೂಟರಿನ ಮುಂದೆ ಕೂತುಬಿಟ್ಟರೆ ಅವಳಿಗೆ ಅದೇ ಸುಖ.

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅವಳು ನೆವೇನಾಳ ಮದುವೆಯ ವಿಡಿಯೊ ತೆರೆದಳು. ಚರ್ಚಿನ ಒಳಗಿನದೆಲ್ಲ ಸೊಗಸಾಗಿತ್ತು. ಮೇಣದಬತ್ತಿಗಳು, ಮದುಮಕ್ಕಳ ತಲೆಗಿಟ್ಟ ಕಿರೀಟಗಳು, ಪಾದ್ರಿಯ ಗಡ್ಡ, ಎಲ್ಲವೂ ಸರಿಯಾಗಿಯೇ ಇದ್ದವು. ಆದರೆ ಮದುಮಕ್ಕಳು ಹೊರಗೆ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಇಡೀ ಮದುವೆ ನೀಲಿಗಟ್ಟಿತು. ಅತ್ತೆ ಸೊಸೆಯ ಬಾಯಿಗೆ ಜೇನು ಸವರಿದ ಬ್ರೆಡ್ಡು ಇಡುತ್ತಿದ್ದಳು. ಇಬ್ಬರ ತುಟಿಯೂ ನೀಲಿ. ಕೈಕೈ ಹಿಡಿದು ಸುತ್ತು ಕುಣಿಯುತ್ತಿದ್ದವರೆಲ್ಲ ನದಿಯಿಂದ ಎತ್ತಿ ತಂದ ಹೆಣಗಳ ಹಾಗೆ ಕಾಣುತ್ತಿದ್ದರು.

ದೆನಿತ್ಸಾ ಕೂಡಲೇ ಅಣ್ಣನಿಗೆ ಫೋನ್ ಮಾಡಿದಳು.

"ಚರ್ಚಿಂದ ಆಚೆ ಬಂದ್ಮೇಲೆ ಕ್ಯಾಮೆರಾದ ಬೆಳಕಿನ ಸೆಟ್ಟಿಂಗ್‌ನ ಬಿಸಿಲಿಗೆ ಬದಲಾಯಿಸ್ದೆಯಾ?"

"ಅಯ್ಯೋ," ಎಂದ ತಿಹೋಮಿರ್.

"ಏನು ಅಯ್ಯೋ? ಮೇಣದಬತ್ತಿ ಬೆಳಕಿಗೆ ಇಟ್ಟಿದ್ನ ಹಾಗೇ ಬಿಟ್ಟು ನಾಲ್ಕು ಗಂಟೆ ತೆಗೆದಿದೀಯ!"

"ಬಿಸಿಲಲ್ಲಿ ಪರದೆ ಎಲ್ಲಿ ಕಾಣತ್ತೆ ದೆನಿ? ಬ್ರಾಂದಿ ಬೇರೆ ಕೊಟ್ಬಿಟ್ರು... ಕಪ್ಪು ಬಿಳುಪು ಮಾಡ್ಬಿಡು. ಕಲೆ ಅಂತ ಹೇಳೋಣ."

"ನಿನ್ನ ತಲೆ ಕಲೆ!"

ಅವಳ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ನೆವೇನಾಳ ಮದುವೆಯ ಗೌನನ್ನು ಹೊಲಿದವಳು ಮದುಮಗಳ ಅಜ್ಜಿ ತೋತಾ. ನಲವತ್ತು ವರ್ಷ ಊರಿನ ಹೆಂಗಸರಿಗೆಲ್ಲ ಹೊಲಿದ ಮುದುಕಿ, ಮೊಮ್ಮಗಳ ಬಟ್ಟೆಗೆಂದು ಮತ್ತೆ ಸೂಜಿ ಹಿಡಿದಿದ್ದಳು. ಮದುವೆಗೆ ಮೂರು ದಿನ ಇದೆ ಎನ್ನುವಾಗ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ತಾನು ಹೊಲಿದದ್ದನ್ನು ಮೊಮ್ಮಗಳು ತೊಟ್ಟು ನಡೆದದ್ದನ್ನು ಅವಳು ನೋಡಲೇ ಇಲ್ಲ. ಬರುವ ಭಾನುವಾರ ಅವಳ ಮಂಚದ ಸುತ್ತ ಮನೆಯವರೆಲ್ಲ ಕೂತು ವಿಡಿಯೊ ನೋಡುವುದೆಂದು ತೀರ್ಮಾನವಾಗಿತ್ತು. ಅಂಥ ಮುದುಕಿಗೆ ಕಪ್ಪು ಬಿಳುಪಿನ ಗೌನು ತೋರಿಸುವುದು ಹೇಗೆ?

ಮೂರು ದಿನ ದೆನಿತ್ಸಾ ತನ್ನ ಬಳಿ ಇದ್ದ ಫಿಲ್ಟರುಗಳನ್ನೆಲ್ಲ ಒಂದರ ಮೇಲೊಂದು ಹೇರಿದಳು. ಸಂಜೆ ಬಿಸಿಲಿನ ಹೊಂಬಣ್ಣ ಹಾಕಿದರೆ ಹಸುರು ಹುಲ್ಲು ಒಣಗಿತು, ಮದುಮಗ ಕಿತ್ತಳೆ ಬಣ್ಣದ ಕುಂಬಳಕಾಯಿಯಾದ. ಹಳೆಯ ಸಿನಿಮಾದ ಹಾಗೆ ಗೀರು ಬೀಳಿಸಿ ನೋಡಿದಳು. ಮದುವೆಯಲ್ಲಿ ಮಳೆ ಬಂದಂತಿತ್ತು. ನೀಲಿ ಕಲೆಗಳು ಕಾಣದಿರಲೆಂದು ಚರ್ಮ ನುಣುಪು ಮಾಡುವ ಎಫೆಕ್ಟ್ ಏರಿಸುತ್ತಾ ಹೋದಳು. ಮದುಮಗಳ ತಾಯಿ ವೆಲಿಚ್ಕಾಳ ಮೂಗೇ ಕರಗಿಹೋಯಿತು. ನಿಜವಾದ ದಾರಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಪರದೆಯ ಮೇಲೆ, ಕಣ್ಣಿಗೆ ಔಷಧಿ ಬಿಡುವ ಕೊಳವೆಯಂಥ ಒಂದು ಗುರುತಿರುತ್ತದೆ. ಅದನ್ನು ಚಿತ್ರದಲ್ಲಿನ ಬಿಳಿ ವಸ್ತುವಿನ ಮೇಲೆ ಒತ್ತಿದರೆ, ಇದು ಬಿಳಿ ಎಂದು ತಿಳಿದುಕೊಂಡು ಕಂಪ್ಯೂಟರ್ ಉಳಿದ ಬಣ್ಣಗಳನ್ನೂ ಸರಿಪಡಿಸುತ್ತದೆ. ಅವಳು ಮೊದಲ ದಿನವೇ ಗೌನಿನ ಮೇಲೆ ಒತ್ತಿದ್ದಳು. ಗೌನೇನೋ ಬೆಳ್ಳಗಾಯಿತು, ಮುಖಗಳು ಮಾತ್ರ ಚಳಿ ಹಿಡಿದವರ ಹಾಗೆ ನೀಲಿಯಾಗಿಯೇ ಉಳಿದವು. ಗೌನಿನ ಹತ್ತು ಕಡೆ ಒತ್ತಿದರೂ ಅಷ್ಟೇ. ಚಿತ್ರವೇ ಕೆಟ್ಟಿದೆ, ಇನ್ನು ಉಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸತೊಡಗಿತು.

ಗುರುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ವೆಲಿಚ್ಕಾ, ಕೈಯಲ್ಲಿ ಒಂದು ಬುಟ್ಟಿ ಚೆರ್ರಿ ಹಣ್ಣು. ನೆಂಟಳಲ್ಲದಿದ್ದರೂ ದೆನಿತ್ಸಾ ಅವಳನ್ನು ಚಿಕ್ಕಮ್ಮನೆಂದೇ ಕರೆಯುವುದು ರೂಢಿ.

"ಈ ಕಡೆ ಬಂದಿದ್ದೆ ಕಣೇ. ಒಂದು ಚೂರು ತೋರಿಸು, ಆಮೇಲೆ ಹೋಗ್ತೀನಿ."

"ಈಗ ಬೇಡ ಚಿಕ್ಕಮ್ಮ, ಇನ್ನೂ ಮುಗಿದಿಲ್ಲ..."

ಆದರೆ ವೆಲಿಚ್ಕಾ ಆಗಲೇ ಒಳಗೆ ಬಂದಿದ್ದಳು. ಪರದೆಯ ಮೇಲೆ ಅವಳದೇ ಮುಖ, ಮೂಗಿಲ್ಲದೆ, ನೀಲಿಯಾಗಿ, ನಿಂತುಬಿಟ್ಟಿತ್ತು.

ದೆನಿತ್ಸಾ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಅಣ್ಣ ಮರೆತದ್ದನ್ನು ಹೇಳಿದಳು, ತಾನು ಮೂರು ದಿನ ಒದ್ದಾಡಿದ್ದನ್ನೂ ಹೇಳಿದಳು.

ವೆಲಿಚ್ಕಾ ಬುಟ್ಟಿಯನ್ನು ನೆಲಕ್ಕಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತಳು.

"ಅಮ್ಮ ದಿನಾ ಕೇಳ್ತಾಳೆ, ಭಾನುವಾರಕ್ಕೆ ಇನ್ನೆಷ್ಟು ದಿನ ಅಂತ," ಎಂದಳು. "ಅದೇನೋ ಒತ್ತಿ ನೋಡ್ದೆ ಅಂದ್ಯಲ್ಲ, ಎಲ್ಲಿ ಒತ್ತಿದ್ದು? ತೋರಿಸು."

ದೆನಿತ್ಸಾ ಎಲ್ಲ ಫಿಲ್ಟರುಗಳನ್ನೂ ಕಿತ್ತುಹಾಕಿ, ಕೊಳವೆಯ ಗುರುತನ್ನು ಗೌನಿನ ಮೇಲೆ ತಂದಳು. "ಇಲ್ಲಿ. ಬಿಳಿ ಅಂತ ಒತ್ತಿದೆ."

"ಅದು ಬಿಳಿಯಲ್ವಲ್ಲೇ!"

"ಹಾಂ?"

"ಕೆನೆ ಬಣ್ಣ. ಅಮ್ಮ ಎಷ್ಟು ಅಂಗಡಿ ಅಲೆದ್ಲು ಆ ರೇಷ್ಮೆಗೆ! ಅಪ್ಪಟ ಬಿಳಿ ತೊಟ್ಟರೆ ನೆವೇನಾ ಕಾಯಿಲೆಯವಳ ಹಾಗೆ ಕಾಣ್ತಾಳೆ ಅಂತ ಕೆನೆ ಬಣ್ಣದ್ದೇ ಬೇಕು ಅಂದ್ಲು. ನೀನು ಅದನ್ನ ಬಿಳಿ ಮಾಡ್ದೆ, ಅದರಲ್ಲಿದ್ದ ಹಳದಿ ಎಲ್ಲ ಹೋಯ್ತು. ಮುಖದ್ದೂ ಜೊತೆಗೇ ಹೋಗಿರ್ಬೇಕು."

ದೆನಿತ್ಸಾ ಅವಳನ್ನೇ ಬಿಟ್ಟಕಣ್ಣಿನಿಂದ ನೋಡಿದಳು. ಚರ್ಚಿನ ದೃಶ್ಯಗಳಲ್ಲಿ ಗೌನು ಹಳದಿಯಾಗಿ ಕಂಡದ್ದು ನಿಜ. ಅದು ಮೇಣದಬತ್ತಿಯ ಬೆಳಕೆಂದು ಅವಳು ಅಂದುಕೊಂಡಿದ್ದಳು.

"ಹಾಗಾದ್ರೆ ನಿಜವಾಗ್ಲೂ ಬಿಳಿ ಇದ್ದದ್ದು ಯಾವುದು ಚಿಕ್ಕಮ್ಮ? ಮದುಮಗನ ಅಂಗಿ?"

"ಗೌನಿಗೆ ಹೊಂದಲಿ ಅಂತ ಅದೂ ಕೆನೆನೇ."

"ಮೇಜಿನ ಬಟ್ಟೆ?"

"ಪಕ್ಕದ ಮನೇದು. ತೊಳೆದು ತೊಳೆದು ಯಾವ ಬಣ್ಣಕ್ಕೆ ಬಂದಿದೆಯೋ ದೇವರಿಗೇ ಗೊತ್ತು." ವೆಲಿಚ್ಕಾ ಪರದೆಯ ಹತ್ತಿರಕ್ಕೆ ಬಗ್ಗಿದಳು. ಬೆರಳಿನಿಂದ ಮೇಜಿನ ಮೇಲಿನ ಸಾಲಡ್ ತಟ್ಟೆಯನ್ನು ತೋರಿಸಿದಳು. "ಇಲ್ನೋಡು, ಚೀಸು! ಕುರಿಹಾಲಿಂದು, ನಾನೇ ತುರಿದದ್ದು. ಇದಕ್ಕಿಂತ ಬಿಳಿ ಇನ್ನೇನೇ ಬೇಕು ನಿಂಗೆ?"

ಟೊಮೇಟೊ, ಸೌತೆಕಾಯಿಗಳ ಮೇಲೆ ಚೀಸು ಗುಡ್ಡೆಯಾಗಿ ನಿಂತಿತ್ತು, ತೆಳುನೀಲಿಯಾಗಿ. ದೆನಿತ್ಸಾ ಚಿತ್ರವನ್ನು ಹಿಗ್ಗಿಸಿ, ಕೊಳವೆಯನ್ನು ಅದರ ನೆತ್ತಿಯ ಮೇಲೆ ತಂದು ಒತ್ತಿದಳು.

ಟೊಮೇಟೊ ಕೆಂಪಾಯಿತು. ಹುಲ್ಲು ಹಸುರಾಯಿತು. ನೆವೇನಾಳ ಕೆನ್ನೆಗೆ ರಕ್ತ ಬಂತು, ಗೌನು ಹಾಲಿನ ಕೆನೆಯಂತೆ ಮೆಲ್ಲಗೆ ಹೊಳೆಯಿತು. ವೆಲಿಚ್ಕಾಳ ಮೂಗು, ಬಿಸಿಲಿಗೆ ಸ್ವಲ್ಪ ಕೆಂಪಾಗಿ, ತನ್ನ ಜಾಗದಲ್ಲೇ ಇತ್ತು.

"ಅಯ್ಯೋ ನನ್ನವ್ವಾ, ಎಲ್ಲಾ ಬದುಕಿಕೊಂಡ್ರು!" ಎಂದು ವೆಲಿಚ್ಕಾ ತೊಡೆ ತಟ್ಟಿಕೊಂಡು ನಕ್ಕಳು. ದೆನಿತ್ಸಾಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಸೋಮವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲವೆಂಬುದು ಆಗ ನೆನಪಾಗಿ, ಬುಟ್ಟಿಗೆ ಕೈಹಾಕಿ ಚೆರ್ರಿ ತಿನ್ನತೊಡಗಿದಳು.

ಆ ಮೇಲಿನದು ಬರೀ ಕೆಲಸ. ಒಂದು ತುಣುಕಿಗೆ ಹೊಂದಿದ ಬಣ್ಣವನ್ನು ಅಂಗಳದ ಉಳಿದ ಇನ್ನೂರಕ್ಕೂ ಹೆಚ್ಚು ತುಣುಕುಗಳಿಗೆ ಅಂಟಿಸಿದಳು. ವಾಲ್‌ನಟ್ ಮರದ ನೆರಳಲ್ಲಿ ತೆಗೆದವನ್ನು ಮಾತ್ರ ಒಂದೊಂದಾಗಿ ತಿದ್ದಬೇಕಾಯಿತು. ಶನಿವಾರ ಮಧ್ಯಾಹ್ನಕ್ಕೆ ಮುಗಿಯಿತು.

ಭಾನುವಾರ ಅಜ್ಜಿಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುಮಕ್ಕಳು ಮಂಚದ ಅಂಚಿನಲ್ಲಿ, ವೆಲಿಚ್ಕಾ ಕಿಟಕಿಯ ಬಳಿ, ದೆನಿತ್ಸಾ ಬಾಗಿಲಿಗೆ ಆನಿಕೊಂಡು. ನೆವೇನಾ ಚರ್ಚಿನಿಂದ ಬಿಸಿಲಿಗೆ ಬಂದಾಗ ತೋತಾ ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. ಕುಣಿತ ಮುಗಿಯುವವರೆಗೂ ಪರದೆಯಿಂದ ಕಣ್ಣು ಕೀಳಲಿಲ್ಲ.

"ಗೌನಿನ ಎಡಗಡೆ ಅಂಚು," ಎಂದಳು ಅಜ್ಜಿ, "ಒಂದು ಬೆರಳು ಮೇಲೆ ಹೋಗಿದೆ."

"ಅಜ್ಜೀ!" ಎಂದು ಕೂಗಿದಳು ನೆವೇನಾ.

"ಸುಮ್ನಿರೇ. ಹೊಲಿದವಳು ನಾನು, ತಪ್ಪೂ ನಂದೇ." ಅವಳು ದೆನಿತ್ಸಾಳ ಕಡೆ ತಿರುಗಿದಳು. "ಬಣ್ಣ ಮಾತ್ರ ಒಂದು ಎಳೆಯೂ ಆಚೀಚೆ ಆಗಿಲ್ಲ. ಅಂಗಡಿಯಲ್ಲಿ ಬಾಗಿಲ ಬೆಳಕಿಗೆ ಹಿಡಿದು ನೋಡಿದ್ದೆನಲ್ಲ, ಹಾಗೇ ಇದೆ. ಇನ್ನೊಂದು ಸಲ ಹಾಕು ಮಗಳೇ, ಆ ಕುಣಿತದಿಂದ."

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ದೆನಿತ್ಸಾ ಕುಣಿತವನ್ನು ಮತ್ತೆ ಹಾಕಿಕೊಟ್ಟು, ಮೆಟ್ಟಿಲಿಳಿದು ಬೀದಿಗೆ ಬಂದಳು. ಮೇಲೆ ಬರಲು ಧೈರ್ಯವಿಲ್ಲದೆ ತಿಹೋಮಿರ್ ಒಂದು ಗಂಟೆಯಿಂದ ಕಾರಿನಲ್ಲೇ ಕೂತಿದ್ದ. ಅವಳನ್ನು ಕಂಡು ಗಾಜು ಇಳಿಸಿದ.

"ಬೈದ್ರಾ?"

"ಗೌನಿನ ಅಂಚಿಗೆ ಬೈಕೊಂಡ್ರು. ನಿನಗಲ್ಲ."

"ನಿಜವಾಗ್ಲೂ?"

"ನಿಜ ಕಣೋ ಅಣ್ಣ. ಬಾ ಮೇಲೆ. ಕುರಿಮರಿ ಮಾಂಸ ಬೇಯಿಸಿದಾರೆ, ತಣ್ಣಗಾಗತ್ತೆ."

ತಿಹೋಮಿರ್ ಕಾರಿನಿಂದಿಳಿದ. ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು, ಎರಡೆರಡು ಮೆಟ್ಟಿಲು ಹಾರುತ್ತಾ ಮೇಲೆ ಓಡಿದ.