ನಾಲ್ಕರ ಸರಾಸರಿ

ಟಿಕ್ ಎಂದಿತು. ಉಗುರು ಕತ್ತರಿಸಿದಷ್ಟೇ ಸದ್ದು. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ, ಅವಳ ಮಗಳು ಪಾಪುವಿನ ಪಕ್ಕದಲ್ಲಿ ಮಲಗಿದ್ದೆ. ಆ ಸದ್ದಿಗಾಗಿಯೇ ಎಚ್ಚರವಾಗಿದ್ದೆನೋ ಏನೋ, ತಕ್ಷಣ ಮೊಬೈಲಿನ ಬೆಳಕು ಹಾಕಿ ಗೋಡೆಯತ್ತ ಹಿಡಿದೆ.

ಗೋಡೆಯ ಬಿರುಕಿಗೆ ಅಡ್ಡಲಾಗಿ ಎರಡು ದಿನದ ಹಿಂದೆ ನಾನೇ ಒಂದು ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತಿದ್ದೆ. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ತಡೆಯುವುದಿಲ್ಲ. ಅದು ಹಳೆಯ ಉಪಾಯ. ಈಗ ಪಟ್ಟಿ ನಡುವೆ ಸೀಳಿತ್ತು. ಅದರ ಕೆಳಗೆ ಪಾಪು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಮಂಚವನ್ನು ಸದ್ದಾಗದಂತೆ ಗೋಡೆಯಿಂದ ಎಳೆದು, ಬೆಳಗಾಗುವವರೆಗೆ ಅದರ ಮೇಲೆಯೇ ಕೂತಿದ್ದೆ.

"ಏನಮ್ಮ ನಾದಿನಿ, ರಾತ್ರಿಯೆಲ್ಲ ಗೋಡೆ ಕಾಯ್ತಾ ಇದ್ದೆಯಂತೆ?" ಭಾವ ಕಾಫಿ ಲೋಟ ಹಿಡಿದು ಬಂದರು. "ಎಲ್ಲಿಗೂ ಓಡಿ ಹೋಗಲ್ಲ ಬಿಡು ಅದು."

"ಗಾಜು ಒಡೆದಿದೆ ಭಾವ."

"ಚಳಿಗೆ ಒಡೆದಿರುತ್ತೆ. ಇಲ್ಲಾಂದ್ರೆ ನಿಮ್ಮಕ್ಕನ ಗಂಟಲಿಗೆ."

"ಕೇಳಿಸ್ತು," ಎಂದಳು ಅಕ್ಕ ಅಡುಗೆಮನೆಯಿಂದ. ಆಮೇಲೆ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. "ಪುಟ್ಟೀ, ಇದು ನೀನೇ ಅಳೆದ ಜಾಗ ಅಲ್ವೇನೆ? ಅಂಗೈ ಹಾಗಿದೆ, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಂದಿದ್ದೆ."

ಹೌದು, ಅಂದಿದ್ದೆ.

ಹನ್ನೊಂದು ವರ್ಷದ ಹಿಂದೆ ಈ ಬಡಾವಣೆ ಬರೀ ಪೊದೆಯಾಗಿದ್ದಾಗ ಇಲ್ಲಿನ ಏರುತಗ್ಗಿನ ನಕ್ಷೆ ಮಾಡಿದವಳು ನಾನು. ಅದು ನನ್ನ ಮೊದಲ ಕೆಲಸ. ಹತ್ತು ಹತ್ತು ಮೀಟರಿಗೆ ಸುಣ್ಣದ ಗುರುತು ಹಾಕಿ, ಪ್ರತಿ ಗುರುತಿನ ಮೇಲೂ ಅಳತೆಕೋಲು ನಿಲ್ಲಿಸಿ, ದುರ್ಬೀನಿನಲ್ಲಿ ಅಂಕಿ ಓದಿ ಬರೆದುಕೊಳ್ಳಬೇಕು. ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಗೆರೆ ಎಳೆದರೆ ನೆಲದ ಉಬ್ಬುತಗ್ಗೆಲ್ಲ ಕಾಗದಕ್ಕೆ ಬರುತ್ತದೆ. ಕೋಲು ಹಿಡಿಯಲು ಒಬ್ಬನಿದ್ದ. ಎಷ್ಟು ಹೊತ್ತಾದರೂ ಅಲುಗದೆ ನಿಲ್ಲುತ್ತಿದ್ದ ಅವನಿಗೆ ಎಲ್ಲರೂ ಕಂಬಣ್ಣ ಎನ್ನುತ್ತಿದ್ದರು.

ಕೊನೆಯ ದಿನ ಸಂಜೆ ಒಂದು ಗುರುತು ಮುಳ್ಳುಪೊದೆಯ ನಡುವಿನ ಹೊಂಡಕ್ಕೆ ಬಿತ್ತು. ಕಪ್ಪು ನೀರು ನಿಂತಿತ್ತು. ಕಂಬಣ್ಣ ಅಂಚಿನಲ್ಲಿ ಕಾಲಿಟ್ಟು ನೋಡಿದ. "ಹೂತುಕೊಳ್ತಾ ಇದೆ ಮೇಡಂ. ಇಳೀಲಾ?"

"ಬೇಡ, ಬಿಡು," ಎಂದೆ. ಕತ್ತಲಾಗುತ್ತಿತ್ತು. ಅವನು ಜಾರಿದರೆ ಎಳೆಯಲು ನನ್ನೊಬ್ಬಳಿಂದ ಆಗುತ್ತಿರಲಿಲ್ಲ. ಕೋಣೆಗೆ ಹೋಗಿ ಸುತ್ತಲಿನ ನಾಲ್ಕು ಗುರುತುಗಳ ಸರಾಸರಿ ತೆಗೆದು ಅದನ್ನೇ ಹೊಂಡದ ಗುರುತಿನ ಅಂಕಿಯೆಂದು ಬರೆದೆ. ನಕ್ಷೆಯ ಗೆರೆ ಹೊಂಡದ ಮೇಲೆ ನೆಟ್ಟಗೆ ಹಾದುಹೋಯಿತು. ಆಮೇಲೆ ಬುಲ್ಡೋಜರ್‌ಗಳು ಬಂದು ಎಲ್ಲವನ್ನೂ ಸಮ ಮಾಡಿದವು.

ಗಾಜು ಒಡೆದ ದಿನ ಮನೆಗೆ ಹೋಗಿ ಹಳೆಯ ನಕ್ಷೆ ಹುಡುಕಿ ತೆಗೆದೆ. ಅಕ್ಕನ ಮನೆಯ ನಕ್ಷೆಯನ್ನು ಅದೇ ಅಳತೆಗೆ ಇಳಿಸಿ ಅದರ ಮೇಲೆ ಇಟ್ಟೆ. ಎರಡು ಸಲ ತಿರುಗಿಸಿ ನೋಡಿದರೂ ಆ ಗುರುತು ಪಾಪುವಿನ ಮಂಚದ ಕೆಳಗೇ ಬಂತು.

ಮರುದಿನ ಕಂಬಣ್ಣನನ್ನು ಕರೆದುಕೊಂಡು ಉಪಕರಣದ ಸಮೇತ ಹೋದೆ. ಅವನ ತಲೆ ಈಗ ಪೂರ್ತಿ ಬೆಳ್ಳಗಾಗಿದೆ. ಮನೆಯ ನಾಲ್ಕು ಮೂಲೆಗೂ ಒಂದೊಂದು ಮೊಳೆ ಹೊಡೆದು, ರಸ್ತೆಯಾಚೆಯ ಮೋರಿ ಕಟ್ಟೆಗಿಂತ ಪ್ರತಿ ಮೊಳೆಯೂ ಎಷ್ಟು ತಗ್ಗಿನಲ್ಲಿದೆ ಎಂದು ಬರೆದುಕೊಂಡೆ. ಪಾಪುವಿನ ಕೋಣೆಯ ಮೊಳೆ ನಾನೂರ ಹನ್ನೆರಡು ಮಿಲಿಮೀಟರ್.

"ಆರು ದಿನ ಬಿಟ್ಟು ಮತ್ತೆ ನೋಡ್ತೀನಿ ಭಾವ. ಅಲ್ಲಿವರೆಗೆ ಬೇರೆ ಕಡೆ ಇರಿ."

"ಗುಮ್ಮನ ಕಥೆ ಮಗುಗೆ ಹೇಳು. ಒಂದಿಂಚು ಇಳಿದಿದ್ರೆ ನಾನೇ ಗಂಟುಮೂಟೆ ಕಟ್ತೀನಿ. ಅಲ್ಲಿವರೆಗೆ ನಮ್ಮ ತಲೆ ತಿನ್ಬೇಡ."

ಕೆಳಗೆ ಹೊಂಡವಿದೆ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆಗ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಪಾಪುವನ್ನು ಹಾಲ್‌ನಲ್ಲಿ ಮಲಗಿಸೆಂದು ಅಕ್ಕನಿಗೆ ಮಾತ್ರ ಹೇಳಿ ಬಂದೆ. ಎರಡು ರಾತ್ರಿ ಮಲಗಿಸಿದಳು. ಮೂರನೆಯ ದಿನ ಫೋನಿನಲ್ಲಿ, "ಅವಳಿಗೆ ಅವಳ ಕೋಣೇನೇ ಬೇಕಂತೆ ಕಣೇ" ಎಂದಳು. ಅಂದಿನಿಂದ ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದೆ.

ಆರನೆಯ ದಿನ ಮೂರು ಮೂಲೆಗಳು ಇದ್ದಲ್ಲೇ ಇದ್ದವು. ನಾಲ್ಕನೆಯದು ನಾನೂರ ಹದಿನೈದು. ಮೂರು ಮಿಲಿಮೀಟರ್. ಉಪಕರಣ ಬೇರೆ ಕಡೆ ಇಟ್ಟು ಮತ್ತೆ ಓದಿದೆ, ಮತ್ತೆ ಮೂರು. ನನಗೆ ಅದು ಸಾಕು. ಭಾವನಿಗೆ ಸಾಲದು.

"ಎಷ್ಟಮ್ಮ?" ಅವರು ಮೆಟ್ಟಿಲ ಮೇಲೆ ಪಾಪುವನ್ನು ಎತ್ತಿಕೊಂಡು ನಿಂತಿದ್ದರು. "ನನ್ನ ಹೊಟ್ಟೆ ಬೆಳೆದಷ್ಟಾದರೂ ಇಳಿದಿದೆಯಾ?"

"ಮೂವತ್ತು," ಎಂದೆ. "ಒಂದಿಂಚಿಗಿಂತ ಜಾಸ್ತಿ." ಪುಸ್ತಕದಲ್ಲಿ ನಾನೂರ ನಲವತ್ತೆರಡು ಎಂದು ಬರೆದು ತೋರಿಸಿದೆ. ಅಕ್ಷರ ಅಲುಗಲಿಲ್ಲ.

ಕೋಲನ್ನು ಹಿಡಿದಿದ್ದ ಕಂಬಣ್ಣ ಮೊಳೆಯನ್ನು ನೋಡಿದ, ನನ್ನನ್ನು ನೋಡಿದ. ಕೋಲು ಮಡಚತೊಡಗಿದ.

ಭಾವನ ಮುಖದಿಂದ ನಗು ಇಳಿಯಿತು. ಅಂದು ಸಂಜೆಯೇ ಮೂವರೂ ಭಾವನ ಗೆಳೆಯರ ಮನೆಯ ಮಹಡಿಗೆ ಹೋದರು. ಹನ್ನೊಂದನೆಯ ದಿನ, ಬೆಳಗಿನ ಮಳೆಯಲ್ಲಿ, ಆ ಮೂಲೆ ಕುಸಿಯಿತು. ಗೋಡೆ ಮಂಚದ ಮೇಲೆಯೇ ಮಲಗಿತ್ತು. ಮಂಚದ ಕಾಲುಗಳು ನಾಲ್ಕು ದಿಕ್ಕಿಗೆ ಚಾಚಿಕೊಂಡಿದ್ದವು.

ನಗರಸಭೆಯ ಎಂಜಿನಿಯರು ಬಂದು ಅಗೆಸಿದರು. ಮೇಲೆ ನಾಲ್ಕಡಿ ಗಟ್ಟಿ ಮಣ್ಣು. ಅದರ ಕೆಳಗೆ ಎರಡಾಳುದ್ದ ಬರೀ ಕಸ, ಟೈರು, ಹರಿದ ಚಪ್ಪಲಿ. ಹೊಂಡ ಆ ಕೋಣೆಯಷ್ಟೇ ಅಗಲವಿತ್ತು, ಪಕ್ಕದ ಮನೆಗಳ ಕೆಳಗೆ ಹೋಗಿರಲಿಲ್ಲ. ಅದೊಂದನ್ನು ನಾನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡೆ.

"ಮೂಲ ನಕ್ಷೆಯಲ್ಲಿ ಇಲ್ಲಿ ಸಮತಟ್ಟು ಇದೆ," ಎಂದರು ಎಂಜಿನಿಯರು. "ಆಮೇಲೆ ಯಾರೋ ಮಣ್ಣು ತೆಗೆದು ಕಸ ತುಂಬಿರಬೇಕು. ಪಾಯ ತೋಡಿದೋರು ಇನ್ನೊಂದಡಿ ಹೋಗಿದ್ರೆ ಸಿಗ್ತಿತ್ತು."

ಮನೆ ಕಟ್ಟಿದ ಮೇಸ್ತ್ರಿ ಅಲ್ಲೇ ಇದ್ದ, ತಲೆಯ ಮೇಲೆ ಕೈ ಹೊತ್ತು. "ನಕ್ಷೇಲಿ ಹೊಂಡ ಗಿಂಡ ಏನೂ ಇರ್ಲಿಲ್ಲ ಸ್ವಾಮಿ. ನಾಲ್ಕಡಿ ಅಂದ್ರು, ನಾಲ್ಕಡಿ ತೋಡ್ದೆ."

"ನನ್ನ ಮಗಳ ತಲೆ ಮೇಲೆ ಗೋಡೆ ಹಾಕಿಬಿಟ್ಟೆಯಲ್ಲಯ್ಯ," ಎಂದರು ಭಾವ. ಅವರ ದನಿ ಏರಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. "ಇನ್ನು ಈ ಊರಲ್ಲಿ ಯಾರ ಮನೇಲಿ ಕರಣೆ ಹಿಡೀತೀಯೋ ನಾನೂ ನೋಡ್ತೀನಿ."

ಕಂಬಣ್ಣ ನನ್ನ ಪಕ್ಕ ಬಂದು ನಿಂತ. ನಾನು ಏನೂ ಕೇಳಿರಲಿಲ್ಲ. "ಕೋಲು ಹಿಡಿಯೋನಿಗೆ ಅಂಕಿ ಕಾಣಲ್ಲ ಮೇಡಂ," ಎಂದ ಮೆಲ್ಲಗೆ. ಆಮೇಲೆ ಅತ್ತ ಕಣ್ಣು ಹಾಯಿಸಿ, "ಆದ್ರೆ ಆ ಮೇಸ್ತ್ರಿಗೆ ಮೂರು ಮಕ್ಕಳು," ಎಂದ.

ಸಂಜೆ ಮಹಡಿಯ ಕೋಣೆಯಲ್ಲಿ ಅಕ್ಕ ನಿದ್ದೆಗಣ್ಣಿನ ಪಾಪುವನ್ನು ತಂದು ನನ್ನ ಮಡಿಲಿಗೆ ಹಾಕಿದಳು. "ಇನ್ನು ಇವಳು ನಿನ್ನ ಮಗಳು ಕಣೇ. ನೀನು ಅಳೆಯದೆ ಇದ್ದಿದ್ದರೆ..."

"ಅಕ್ಕಾ, ಒಂದು ಮಾತು..."

"ಹೇಳು."

ಮೂವತ್ತು ಸುಳ್ಳು ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂದರೆ ಹೊಂಡ ಬರುತ್ತದೆ. ಹೊಂಡದ ಅಂಚಿನಲ್ಲಿ ನಾನು ನಿಂತಿರುತ್ತೇನೆ, ಬೇಡ ಬಿಡು ಎನ್ನುತ್ತ. ಆಮೇಲೆ ಅಕ್ಕ ಈ ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಳ್ಳುವ ರೀತಿ ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ನಿಂತದ್ದೂ ಕಂಡಿತು.

"ಏನಿಲ್ಲ," ಎಂದೆ. "ಇವಳ ಕಾಲು ತಣ್ಣಗಿದೆ. ಹೊದಿಕೆ ಕೊಡು."

ಅಕ್ಕ ಹೊದಿಕೆ ತರಲು ಎದ್ದು ಹೋದಳು. ಅವಳು ಬಾಗಿಲು ದಾಟುವಷ್ಟರಲ್ಲಿ ತೀರ್ಮಾನಿಸಿಬಿಟ್ಟಿದ್ದೆ: ಅವಳಿಗೂ ಇಲ್ಲ, ಭಾವನಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ.