ಹೇಳಿ ಜಾರುವ ಟೈರು

ಅಳಿಯ ಕೆಂಪು ಸ್ಪೋರ್ಟ್ಸ್ ಕಾರು ಕೊಂಡನೆಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಟೈರಮ್ಮ ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು ಎಂದು ತೀರ್ಪು ಕೊಟ್ಟಿದ್ದಳು. ಆಮೇಲೆ ಆ ತೀರ್ಪನ್ನು ತಿದ್ದುವ ಕಾರಣ ಅವಳಿಗೆ ಕಾಣಲಿಲ್ಲ. ಮೂವತ್ತೊಂದು ವರ್ಷದಿಂದ ಟೈರಿನಂಗಡಿ ನಡೆಸಿ, ಹುಟ್ಟಿದಾಗ ಇಟ್ಟ ಹೆಸರು ಮರೆತು ಟೈರಮ್ಮನೇ ಆಗಿಹೋದವಳು ಅವಳು. ಮನುಷ್ಯ ಬಾಯಿ ಬಿಡುವ ಮೊದಲೇ ಅವನ ಗಾಡಿಯ ಚಕ್ರ ನೋಡಿ ಅವನ ಯೋಗ್ಯತೆ ಅಳೆಯುತ್ತೇನೆಂಬ ಗರ್ವ ಅವಳಿಗಿತ್ತು. ಅಳಿಯನ ವಿಷಯದಲ್ಲಿ ಮಾತ್ರ ಚಕ್ರ ನೋಡುವ ಗೋಜಿಗೂ ಹೋಗಿರಲಿಲ್ಲ, ಮುಖ ನೋಡಿದ್ದೇ ಸಾಕಾಗಿತ್ತು.

ಅಳಿಯನಿಗೆ ಕನ್ನಡಕದ ಅಂಗಡಿ. ಬಂದವರ ಮೂಗಿನ ಮೇಲೆ ಗಾಜು ಬದಲಿಸುತ್ತಾ 'ಇದು ಸ್ಪಷ್ಟವಾ, ಅದು ಸ್ಪಷ್ಟವಾ' ಎಂದು ಇಡೀ ದಿನ ಕೇಳುವುದೇ ಅವನ ಕಸುಬು. ಮದುವೆಯಾಗಿ ನಾಲ್ಕು ವರ್ಷವಾದರೂ ಅತ್ತೆಯ ಎದುರು ಅವನು ಒಂದು ವಾಕ್ಯವನ್ನು ಪೂರ್ತಿ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಅವನು ಆ ಕಾರನ್ನು ಅಂಗಡಿಗೆ ತಂದ ರೀತಿಯನ್ನು ನೋಡಬೇಕಿತ್ತು. ತಲೆಯ ಮೇಲೆ ಮೊಟ್ಟೆಬುಟ್ಟಿ ಹೊತ್ತವನಂತೆ ಬೀದಿಯ ತಿರುವಿನಿಂದ ಇಂಚಿಂಚೇ ಬಂದ. ಅಂಗಡಿ ಬಾಗಿಲಿನ ಬೆರಳೆತ್ತರದ ದಿಬ್ಬದ ಮುಂದೆ ಪೂರ್ತಿ ನಿಲ್ಲಿಸಿ, ಎಡಬಲ ನೋಡಿ, ಆಮೇಲೆ ಹತ್ತಿಸಿದ. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಮುಂದೆ ಹೋದ.

"ಅತ್ತೆ, ಟೈರು ಬದಲಾಯಿಸ್ಬೇಕಿತ್ತು. ಮಳೆ ಹಿಡ್ಕೊಳ್ಳೋ ಮುಂಚೆ..." ಎಂದ.

"ಯಾವ್ದು ಬೇಕು?"

ಅವನು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಬಿಡಿಸಿದ. "ಒದ್ದೆ ರಸ್ತೇಲಿ ದಿಢೀರ್ ಅಂತ ಕೈಕೊಡಬಾರ್ದು. ಜಾರೋದಾದ್ರೆ, ಜಾರ್ತೀನಿ ಅಂತ ಮೊದ್ಲೇ ಹೇಳೋ ಅಂಥದ್ದು. ಹಿಡಿತ ಒಂಚೂರು ಕಮ್ಮಿ ಇದ್ರೂ ಪರವಾಗಿಲ್ಲ."

ಟೈರಮ್ಮ ಪಕ್ಕದಲ್ಲಿ ಲಾರಿಯ ಚಕ್ರ ಬಿಚ್ಚುತ್ತಿದ್ದ ಮುದಿ ಫಿಟ್ಟರ್ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ? ಹುಲಿ ತಂದು ಹುಲ್ಲು ಹಾಕೋರನ್ನ ನಾನು ಇವತ್ತೇ ನೋಡಿದ್ದು." ಫಿಟ್ಟರ್ ನಕ್ಕ. ಅವನ ಸಂಬಳದಲ್ಲಿ ಅದೂ ಸೇರಿತ್ತು.

"ನೀನು ಓಡ್ಸೋ ವೇಗಕ್ಕೆ ಮರದ ಚಕ್ರ ಹಾಕಿದ್ರೂ ನಡೆಯುತ್ತೆ ಕಣಪ್ಪ," ಎಂದಳು. "ಜಾರೋಕೂ ಒಂದು ಯೋಗ್ಯತೆ ಬೇಕು. ನಿನ್ನ ಕೈಲಿ ಅದು ಜಾರಬೇಕು ಅಂದ್ರೆ ಯಾರಾದ್ರೂ ಹಿಂದಿಂದ ತಳ್ಳಬೇಕು."

ಅಳಿಯ ಮುಗುಳ್ನಕ್ಕು ಕಾಗದವನ್ನು ಮತ್ತೆ ನಾಲ್ಕಾಗಿ ಮಡಿಸಿದ. ಅವಳಿಗೆ ಮೈ ಉರಿಯುತ್ತಿದ್ದದ್ದೇ ಆ ನಗುವಿಗೆ. ಬೈದರೆ ತಿರುಗಿ ಬೈಯದವನ ಮೇಲೆ ಖರ್ಚು ಮಾಡಿದ ಬೈಗುಳವೂ ದಂಡವೇ. ಕೀಲಿ ಮೇಜಿನ ಮೇಲಿಟ್ಟು, ಅವನು ತನ್ನ ಅಂಗಡಿಗೆ ನಡೆದೇ ಹೋದ.

ಮಧ್ಯಾಹ್ನ ಬಿಡುವಾದಾಗ ಅವಳು ಕಾರನ್ನು ಮೇಲೆತ್ತಿ ಎಡಗಡೆಯ ಮುಂದಿನ ಚಕ್ರ ಬಿಚ್ಚಿದಳು. ಅಭ್ಯಾಸದಂತೆ ಟೈರಿನ ಮೇಲೆ ಅಂಗೈ ಆಡಿಸಿದಳು. ಕೈ ಅಲ್ಲೇ ನಿಂತಿತು.

ಟೈರಿನ ಹೊರ ಅಂಚು ತುರಿಮಣೆಯ ಮೇಲೆ ಉಜ್ಜಿದ ಹಾಗೆ ಸವೆದು, ರಬ್ಬರು ಪದರ ಪದರವಾಗಿ ಒಂದೇ ದಿಕ್ಕಿಗೆ ಮಡಚಿಕೊಂಡಿತ್ತು. ಬಿಗಿ ತಿರುವಿಗೆ ಕಾರನ್ನು ಜೋರಾಗಿ ನುಗ್ಗಿಸಿ, ಅದರ ಪೂರ್ತಿ ಭಾರವನ್ನು ಆ ಒಂದು ಅಂಚಿನ ಮೇಲೆ ಹೇರಿದರೆ ಮಾತ್ರ ಟೈರು ಹಾಗೆ ಸವೆಯುತ್ತದೆ. ಹಿಂದಿನ ಎರಡನ್ನೂ ಬಿಚ್ಚಿದಳು. ಕಾದು ಕರಗಿದ ರಬ್ಬರಿನ ಸಣ್ಣ ಸಣ್ಣ ಉಂಡೆಗಳು ಅಂಟಿಕೊಂಡಿದ್ದವು. ದಿಬ್ಬಕ್ಕೆ ಹೆದರಿ ಎಡಬಲ ನೋಡುವವನು ಹತ್ತು ಜನ್ಮ ಎತ್ತಿದರೂ ಈ ಟೈರನ್ನು ಹೀಗೆ ಮಾಡಲಾರ.

ಅವಳು ಕಾರಿನೊಳಗೆ ಬಗ್ಗಿ ಹುಡುಕಿದಳು. ಚಾಲಕನ ಸೀಟಿನಡಿ ತೆಳು ಅಟ್ಟೆಯ ಒಂದು ಜೊತೆ ಬೂಟು ಸಿಕ್ಕಿತು, ಹೆಂಗಸಿನದು. ಎಡಗಾಲಿನ ಅಟ್ಟೆ ಕಿರುಬೆರಳಿನ ಕಡೆಗೇ ಸವೆದಿತ್ತು. ಆ ಕಾಲಿಗೆ ಮೂರನೇ ವಯಸ್ಸಿನಿಂದ ಚಪ್ಪಲಿ ಕೊಡಿಸಿದವಳು ಇವಳೇ.

ಮಗಳು ಹಲ್ಲಿನ ವೈದ್ಯೆ. ಮಾತು ಚೂಪು, ಕೈ ಇನ್ನೂ ಚೂಪು. ಪ್ರತಿ ಭಾನುವಾರ ಊಟದ ಮೇಜಿನಲ್ಲಿ ಅಮ್ಮ ಅಳಿಯನನ್ನು ಎತ್ತಿ ಆಡಿದರೆ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವಳು ಅವಳೇ. ಟೈರಮ್ಮ ಫೋನು ಮಾಡಿ "ಬಾ" ಎಂದಷ್ಟೇ ಹೇಳಿದಳು. ಅರ್ಧ ಗಂಟೆಯಲ್ಲಿ ಮಗಳು ಬಿಳಿ ಕೋಟಿನಲ್ಲೇ ಬಂದಳು. ಬಿಚ್ಚಿಟ್ಟ ಟೈರು ಕಂಡಳು, ಅದರ ಮೇಲಿಟ್ಟಿದ್ದ ಬೂಟೂ ಕಂಡಳು.

"ಓಹೋ, ಸಿಕ್ಕಿಬಿದ್ದೆ," ಎಂದಳು, ಸಂಕೋಚದ ಸುಳಿವೇ ಇಲ್ಲದೆ.

"ಕಾರು ಯಾರ್ದು?"

"ನಂದು. ಅವನ ಹೆಸರಲ್ಲಿದೆ. ಹತ್ತೊಂಬತ್ತನೇ ವಯಸ್ಸಲ್ಲಿ ನಿನ್ನ ವ್ಯಾನನ್ನ ಒಂದ್ಸಲ ಗಿರಕಿ ಹೊಡಿಸಿದ್ದಕ್ಕೆ ಆರು ವರ್ಷ ಕೀಲಿ ಮುಟ್ಟೋಕೆ ಬಿಟ್ಟಿದ್ಯಾ ನೀನು? ನನ್ನ ಕಾರು ಅಂದಿದ್ರೆ ಮನೆ ತುಂಬಾ ರಂಪ."

ಮುಂಜಾವಿನಲ್ಲಿ ಗುಡ್ಡದ ಹಳೇ ರಸ್ತೆಯಲ್ಲಿ ಓಡಿಸುತ್ತಿದ್ದಳಂತೆ. ಅಳಿಯ ಪಕ್ಕದಲ್ಲಿ ಸೀಟು ಹಿಡಿದು ಕೂರುತ್ತಿದ್ದನಂತೆ. ಹೋದ ವಾರ ಮಂಜಿನಿಂದ ಒದ್ದೆಯಾದ ತಿರುವಿನಲ್ಲಿ ಕಾರಿನ ಹಿಂಭಾಗ ಹೇಳದೆ ಕೇಳದೆ ಹೊರಗೆ ಚಿಮ್ಮಿ, ತಡೆಗೋಡೆಗೆ ಒಂದು ಗೇಣು ಉಳಿದಾಗ ನಿಂತಿತಂತೆ.

"ಅವತ್ತಿಂದ ಅವನಿಗೆ ನಿದ್ದೆ ಇಲ್ಲ. ಎಲ್ಲಾ ಕಂಪನಿಯೋರ ಟೈರಿನ ವಿವರ ಬರ್ಕೊಂಡು ಕೂತಿದ್ದಾನೆ," ಎಂದು ಮಗಳು ನಕ್ಕಳು. "ರೇಸಿನೋರು ಹಾಕೋ ಅಂಟು ಟೈರು ಹಾಕಿಸ್ಕೊಂಡು ಬಾ ಅಂತ ನಾನು ಕಳ್ಸಿದ್ದು. ಈ ಪುಕ್ಕಲ ಬಂದು ಏನು ಕೇಳಿದ?"

ಟೈರಮ್ಮನಿಗೆ ಆ ನಗು ಹೊಸದೇನಲ್ಲ. ತನ್ನದೇ ನಗು, ತನ್ನದೇ ಮೂಗಿನ ತುದಿ ಏರಿಸುವ ಪರಿ. ಹೊರಗೆ ನಿಂತು ನೋಡಿದಾಗ ಅದು ಎಷ್ಟು ಅಸಹ್ಯವೆಂದು ಅವಳು ಮೊದಲ ಬಾರಿ ಕಂಡಳು.

"ಕಾರು ಬಂದಾಗಿಂದ ನಾಲ್ಕು ತಿಂಗಳು ಅವನು ನಿನ್ನ ಬದ್ಲು ನನ್ನ ಕೈಲಿ ಉಗಿಸ್ಕೋತಾ ಇದ್ದ. ನೀನು ಕೂತು ನಗ್ತಿದ್ದೆ."

"ನೀನು ಹೇಳ್ತಿದ್ದೆ, ನಾನು ನಗ್ತಿದ್ದೆ. ಇಬ್ರಿಗೂ ಮಜಾ ಇತ್ತಲ್ವಾ? ಈಗ ನನ್ನೊಬ್ಬಳ ಮೇಲೆ ಹೊರಿಸ್ಬೇಡ."

ಟೈರಮ್ಮ ಕೆಲಸದ ಮಾತಿಗೆ ಇಳಿದಳು. "ನಿನಗೆ ಬೇಕಾದ್ದೂ ತರ್ತೀನಿ, ಅವನು ಕೇಳಿದ್ದೂ ತರ್ತೀನಿ. ರಜೆ ದಿನ ಹಳೇ ಬಸ್ ಡಿಪೋಗೆ ಬಾ. ನೀನು ಓಡ್ಸು, ನಾನು ಪಕ್ಕದಲ್ಲಿ ಕೂರ್ತೀನಿ."

ಡಿಪೋದಿಂದ ಬಸ್ಸುಗಳು ಖಾಲಿಯಾಗಿ ವರ್ಷಗಳಾಗಿದ್ದವು. ಕಾವಲಿನವನು ಟೈರಮ್ಮನ ಗಿರಾಕಿ, ಗೇಟು ತೆಗೆದುಕೊಟ್ಟ. ಮೈದಾನದಷ್ಟು ಅಗಲದ ಸಿಮೆಂಟು ಅಂಗಳ, ನೆಲದಲ್ಲಿ ವರ್ಷಗಟ್ಟಲೆ ಇಂಗಿದ ಎಣ್ಣೆಯ ಕಲೆ. ಫಿಟ್ಟರ್ ಕೊಳವೆ ಹಿಡಿದು ಎಲ್ಲಾ ಕಡೆ ನೀರು ಹಾಯಿಸಿದ. ತಗ್ಗಿನಲ್ಲಿ ನೀರು ನಿಂತಿತು. ನಡುವೆ ನಾಲ್ಕು ಖಾಲಿ ಪೀಪಾಯಿ ನಿಲ್ಲಿಸಿದರು. ಅಳಿಯ ಗೋಡೆಯ ಬಳಿ ಸ್ಟಾಪ್‌ವಾಚ್ ಹಿಡಿದು ನಿಂತ. ಅತ್ತೆಗೆ ವಿಷಯ ಗೊತ್ತಾಗಿದೆಯೆಂದು ಅವನಿಗೆ ತಿಳಿದಿತ್ತು, ಆದರೂ ಕಣ್ಣು ಕೂಡಿಸಲಿಲ್ಲ. 'ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ ಈ ಮೂಗಬಸವನಿಗೆ' ಎಂದು ಟೈರಮ್ಮ ಮನಸ್ಸಿನಲ್ಲೇ ಹಲ್ಲು ಕಡಿದಳು. ಮೊದಲು ಹೇಡಿಯೆಂದು ಹೀಯಾಳಿಸುತ್ತಿದ್ದಳು, ಈಗ ಹೆಂಡತಿಗೆ ಚಾಪೆಯಾಗಿ ಬಿದ್ದುಕೊಂಡನೆಂದು.

ಮೊದಲು ಅಂಟು ಟೈರು. ಅಗಲ ಮೈ, ಬೆರಳಿಗೆ ಸಿಗದಷ್ಟು ಸಣ್ಣ ಗೀರುಗಳು. ಮಗಳು ಪೀಪಾಯಿಗಳ ಸುತ್ತ ಒಂದು ಸುತ್ತು ಹೊಡೆದಳು, ಎರಡು ಹೊಡೆದಳು. ಕಾರು ನೆಲ ಕಚ್ಚಿಕೊಂಡು ತಿರುಗಿತು. ಟೈರಮ್ಮನ ಭುಜ ಬಾಗಿಲಿಗೆ ಒತ್ತಿಹೋಯಿತು.

"ಹದಿನಾಲ್ಕು ಸೆಕೆಂಡು," ಎಂದು ಅಳಿಯ ಗೋಡೆಯ ಕಡೆಯಿಂದ ಕೂಗಿದ.

"ನೋಡ್ದ್ಯಾ ಅಮ್ಮ? ಹೆಂಗಿದೆ ಹಿಡಿತ!"

ಮೂರನೆಯ ಸುತ್ತಿನಲ್ಲೂ ಅದೇ ವೇಗ, ಅದೇ ತಿರುವು. ಸ್ಟೀರಿಂಗ್ ನಡುಗಲಿಲ್ಲ, ಟೈರು ಕೀರಲಿಲ್ಲ. ನಿಂತ ನೀರಿನ ಮೇಲೆ ಹಾದದ್ದೇ ತಡ, ಹಿಡಿತ ಅನ್ನುವುದೇ ಮಾಯವಾಯಿತು. ಪೀಪಾಯಿ, ಗೋಡೆ, ಆಕಾಶ, ಮತ್ತೆ ಪೀಪಾಯಿ. ಧಡ್ ಎಂದು ಒಂದು ಪೀಪಾಯಿ ಹಾರಿ ಉರುಳಿತು. ಕಾರು ಬಂದ ದಾರಿಗೇ ಮುಖ ಮಾಡಿ ನಿಂತಾಗ ಟೈರಮ್ಮನ ಕನ್ನಡಕ ಕಾಲಬಳಿ ಬಿದ್ದಿತ್ತು. ಮಗಳ ಬೆರಳು ಸ್ಟೀರಿಂಗ್ ಬಿಟ್ಟಿರಲಿಲ್ಲ.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದು ಟೈರಮ್ಮ ಕೇಳಿದಳು.

"...ತಿರುಗಿದ ಮೇಲೆ."

"ಗುಡ್ಡದಲ್ಲೂ ಹಂಗೇ ಅಲ್ವಾ?"

ಅಷ್ಟರಲ್ಲಿ ಅಳಿಯ ಓಡಿ ಬಂದಿದ್ದ. ಹೆಂಡತಿಯನ್ನು ಕಿಟಕಿಯಿಂದ ಅಡಿಯಿಂದ ಮುಡಿವರೆಗೆ ನೋಡಿ, ಏನೂ ಆಗಿಲ್ಲವೆಂದು ಖಚಿತವಾದ ಮೇಲೆ ಇನ್ನೊಂದು ಕಡೆಗೆ ಬಂದು, ಅತ್ತೆಯ ಕನ್ನಡಕ ಹೆಕ್ಕಿ, ಸೊಟ್ಟಗಾಗಿದ್ದ ಕಡ್ಡಿಯನ್ನು ಎರಡು ಬೆರಳಲ್ಲಿ ನೆಟ್ಟಗೆ ಮಾಡಿ ಕೊಟ್ಟ.

ಫಿಟ್ಟರ್ ಚಕ್ರ ಬದಲಿಸಿದ. ಈ ಟೈರಿಗೆ ನೀರು ಹರಿದುಹೋಗಲು ಆಳದ ಕಾಲುವೆಗಳು, ಒತ್ತಿದರೆ ಬಾಗುವ ಪಕ್ಕೆ. ಹಿಂದಕ್ಕೂ ಮುಂದಕ್ಕೂ ಒಂದೇ ಬಗೆಯವು. ಮಗಳು ಮತ್ತೆ ಹೊರಟಳು. ಎರಡನೆಯ ಸುತ್ತಿಗೇ ಸ್ಟೀರಿಂಗ್ ಹಗುರಾಯಿತು. ಹಿಂದಿನಿಂದ ಗೊರಗೊರ ಸದ್ದು ಬಂತು. ಕಾರಿನ ಬಾಲ ಆಕಳಿಸಿದಷ್ಟು ನಿಧಾನವಾಗಿ ಹೊರಗೆ ಸರಿಯಿತು. ಮಗಳು ಕಾಲು ಸಡಿಲಿಸಿದಳು, ಅದು ಹಿಂದಕ್ಕೆ ಬಂತು. ಬೇಕೆಂದೇ ಮತ್ತೆ ಒತ್ತಿದಳು. ಮತ್ತೆ ಅದೇ ಗೊರಗೊರ, ಅದೇ ಸರಿದಾಟ. ನಿಂತ ನೀರಿನ ಮೇಲೂ ಹಾದು ನೋಡಿದಳು. ಹತ್ತು ಸುತ್ತು ಹೊಡೆದಳು, ಕೊನೆಕೊನೆಗೆ ಕಾರನ್ನು ಓರೆಯಾಗಿಯೇ ಜಾರಿಸಿಕೊಂಡು ಸುತ್ತಿದಳು. ಉಳಿದ ಮೂರು ಪೀಪಾಯಿಗಳು ನಿಂತಲ್ಲೇ ನಿಂತಿದ್ದವು.

"ಹದಿನಾಲ್ಕೂವರೆ!"

"ಅರ್ಧ ಸೆಕೆಂಡು ಹೋಯ್ತು," ಎಂದಳು ಮಗಳು ಕಾರು ನಿಲ್ಲಿಸಿ. ದನಿಯಲ್ಲಿ ಮೊದಲಿನ ಕೊಬ್ಬು ಇಳಿದಿತ್ತು.

"ಆ ಅರ್ಧ ಸೆಕೆಂಡು ತಗೊಂಡು ಏನ್ಮಾಡ್ತೀಯ? ಬಾಯಲ್ಲಿ ಇಟ್ಕೋತೀಯಾ?" ಎಂದಳು ಟೈರಮ್ಮ. "ಅಂಗಡಿಗೆ ದಿನಾ ಬರ್ತಾರೆ ನಿನ್ನಂಥೋರು. ಕಾರು ಎಷ್ಟು ಜೋರು ಅಂತ ಎಲ್ಲರಿಗೂ ಗೊತ್ತು, ತಮ್ಮ ಕೈ ಎಷ್ಟರದ್ದು ಅಂತ ಒಬ್ಬರಿಗೂ ಗೊತ್ತಿಲ್ಲ. ಮೂವತ್ತು ವರ್ಷ ಅವರನ್ನ ನೋಡಿ ನಗ್ತಿದ್ದೆ. ನನ್ನ ಮನೇಲೇ ಒಬ್ಬಳು ಇದಾಳೆ ಅಂತ ಗೊತ್ತಿರ್ಲಿಲ್ಲ."

ಮಗಳ ಮುಖ ಕೆಂಪೇರಿತು. ಅವಳು ಗೋಡೆಯ ಕಡೆ ನೋಡಿದಳು. ಅಳಿಯ ಮೊದಲೇ ಗೋಡೆಯವರೆಗೆ ಉರುಳಿಹೋಗಿದ್ದ ಪೀಪಾಯಿಯನ್ನು ಎತ್ತಿ ನಿಲ್ಲಿಸುತ್ತಿದ್ದ. "ಇದೇ ಇರ್ಲಿ," ಎಂದಳು ಕೊನೆಗೆ. "ನಾನು ಹೇಳ್ದೆ ಅಂತ ಅವನಿಗೆ ಹೇಳ್ಬೇಡ."

"ನೀನೇ ಹೇಳು. ನಾನು ಯಾಕೆ ಹೇಳ್ಲಿ?"

ಮಗಳು ಇಳಿದು ಹೋಗಿ ಹೇಳಿದಳೋ ಇಲ್ಲವೋ ಟೈರಮ್ಮನಿಗೆ ಕೇಳಿಸಲಿಲ್ಲ. ಇಬ್ಬರೂ ಪೀಪಾಯಿಯ ಬಳಿ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಅಳಿಯ ತಾನಾಗಿಯೇ ಅತ್ತೆಯ ಬಳಿ ಬಂದು, "ಹಿಂದಿನ ಎರಡಕ್ಕೆ ಗಾಳಿ ಸ್ವಲ್ಪ ಜಾಸ್ತಿ ಆಗಿದೆ ಅನ್ಸುತ್ತೆ ಅತ್ತೆ, ಕೊನೆ ಸುತ್ತಲ್ಲಿ ಸದ್ದು ಬೇಗ ಬಂತು," ಎಂದ. ಟೈರಮ್ಮ ಕೆಂಗಣ್ಣು ಬಿಟ್ಟು ಗಾಳಿಯ ಅಳತೆಗೋಲು ಒತ್ತಿ ನೋಡಿದಳು. ಸುತ್ತು ಹೊಡೆದು ಬಿಸಿಯಾದ ಟೈರಿನಲ್ಲಿ ಗಾಳಿ ನಿಜವಾಗಿಯೂ ಏರಿತ್ತು. ಥೂ, ಇವನ ಮಾತೇ ಸರಿಯಾಗಬೇಕಿತ್ತೇ ಎಂದುಕೊಂಡೇ ಗಾಳಿ ಇಳಿಸಿದಳು.

ವಾರ ಕಳೆದು ಮಳೆ ಹಿಡಿಯಿತು, ಮೂರು ದಿನ ಬಿಡಲಿಲ್ಲ. ಟೈರಮ್ಮ ಮಗಳಿಗೆ ಫೋನು ಮಾಡಲು ಹೋಗಿ, ಬೇಡವೆನ್ನಿಸಿ, ಕನ್ನಡಕದ ಅಂಗಡಿಗೆ ಮಾಡಿದಳು. ನಾಲ್ಕು ವರ್ಷದಲ್ಲಿ ಅದೇ ಮೊದಲು. "ಗುಡ್ಡಕ್ಕೆ ಹೋಗಿದ್ರಾ?" ಎಂದು ಕೇಳಿದಳು.

"ಇವತ್ತು ಬೆಳಿಗ್ಗೆ ಹೋಗಿದ್ವಿ ಅತ್ತೆ," ಎಂದು ಶುರು ಮಾಡಿದ ಅಳಿಯ. ಮೊದಲನೇ ತಿರುವು, ಎರಡನೇ ತಿರುವು, ಎಲ್ಲಿ ಸದ್ದು ಬಂತು, ಎಲ್ಲಿ ಅವಳು ಕಾಲು ಸಡಿಲಿಸಿದಳು, ತಾನು ಎಷ್ಟನೇ ತಿರುವಿನವರೆಗೆ ಕಣ್ಣು ಬಿಟ್ಟುಕೊಂಡಿದ್ದೆ ಎಂದು ಒಂದೂ ಬಿಡದೆ ಹೇಳುತ್ತಾ ಹೋದ. ದೇವರೇ, ಇವನಿಗೆ ಬಾಯಿ ಇಲ್ಲದಿದ್ದಾಗಲೇ ಚೆನ್ನಾಗಿತ್ತು ಎಂದು ಟೈರಮ್ಮ ಫೋನನ್ನು ಕಿವಿಯಿಂದ ಅರ್ಧ ಗೇಣು ದೂರ ಹಿಡಿದಳು. ಗುಡ್ಡದ ಇಪ್ಪತ್ತೆರಡೂ ತಿರುವು ಮುಗಿಯುವ ತನಕ ಕೆಳಗಿಡಲಿಲ್ಲ.