ಬಸ್ಸಿನ ಚೆನ್ನಪ್ಪನ ವಿಮೆ

ಮಂಗಳೂರಿನಿಂದ ಕಾರ್ಕಳಕ್ಕೆ ಹೋಗಿಬರುವ ಬಸ್ಸನ್ನು ಹತ್ತು ವರ್ಷ ಓಡಿಸಿದ ಚೆನ್ನಪ್ಪನಿಗೆ ನಂತೂರಿನ ಏರಿನಲ್ಲಿ ಕೈ ತಪ್ಪಿದ್ದಿಲ್ಲ, ಗುರುಪುರದ ತಿರುವಿನಲ್ಲಿ ಎದೆ ನಡುಗಿದ್ದಿಲ್ಲ. ಅಂಥ ಗಟ್ಟಿ ಆಳು ೧೯೩೬ರ ಒಂದು ಭಾನುವಾರ ಬಲ್ಮಠದ ತನ್ನ ಬಾಡಿಗೆ ಮನೆಯ ಜಗಲಿಯಲ್ಲಿ ಒಂದು ಹಾಳೆ ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದ. ಎದುರಿಗೆ ವಿಮೆಯ ಏಜೆಂಟ್ ಮೋಹನದಾಸ. ಒಳ್ಳೆಯವನೇ ಪಾಪ, ಆದರೆ ಬಾಯಿ ತೆರೆದರೆ ಮುಚ್ಚುವ ಪೈಕಿಯಲ್ಲ.

"ನಿಮ್ಮ ಹಳೇ ವಿಮೆಯ ಅವಧಿ ಈ ತಿಂಗಳಿಗೆ ಮುಗೀತದೆ."

"ಹಾಗಾದ್ರೆ ಕಟ್ಟಿದ್ದು ಎಷ್ಟು ವಾಪಸ್ ಬರ್ತದೆ?"

"ಎಂತ ಸಹ ಇಲ್ಲ ಮಾರಾಯ್ರೇ. ಅದು ಹತ್ತು ವರ್ಷದ ಕಾವಲು. ಕಳ್ಳ ಬರ್ಲಿಲ್ಲ ಅಂತ ಕಾವಲುಗಾರ ಸಂಬಳ ವಾಪಸ್ ಕೊಡ್ತಾನಾ?"

ಚೆನ್ನಪ್ಪ ಹಾಳೆಯನ್ನು ಮಗುಚಿ ಹಿಂಬದಿ ನೋಡಿದ. ಸಾಯದೆ ಉಳಿದದ್ದೇ ತನ್ನ ತಪ್ಪೇ?

ಮೋಹನದಾಸ ನಿಲ್ಲಲಿಲ್ಲ. "ಆಗ ನೀವು ಒಂಟಿ, ಸಣ್ಣದು ಸಾಕಿತ್ತು. ಈಗ ಹೆಂಡತಿ, ಎರಡು ಸಣ್ಣ ಹುಡುಗಿಯರು. ಅವರು ದಡ ಸೇರುವವರೆಗೆ ಹದಿನೈದು ವರ್ಷದ್ದು ಮಾಡಿ. ಕಂತು ಕಮ್ಮಿ, ಮೊತ್ತ ದೊಡ್ಡದು. ಮುದಿಪ್ರಾಯದ್ದು ಆಮೇಲೆ ನೋಡುವ. ನೀವು ಹೋದ್ರೆ ಹಣ ಸಿಗ್ಲಿಕ್ಕೆ ಹೆಸರು ಯಾರದ್ದು ಬರೀಲಿ?"

ಗಾಡಿ ಅಲ್ಲೇ ನಿಂತಿತು. ಹಳೆಯದರಲ್ಲಿ ಇದ್ದದ್ದು ಅಕ್ಕ ಬಾಗಿಯ ಹೆಸರು. ಅಳಿಯಕಟ್ಟಿನ ಮನೆತನದಲ್ಲಿ ಗಂಡಸಿನದ್ದೆಲ್ಲ ಅಕ್ಕತಂಗಿಯರ ಮಕ್ಕಳಿಗೆ. ಹೆಂಡತಿ ಮಕ್ಕಳನ್ನು ನೋಡಿಕೊಳ್ಳಲು ಅವಳ ತಾಯಿಮನೆ ಇರುತ್ತದೆ. ಇರುತ್ತದೆ, ಹೇಳಲಿಕ್ಕೆ. ಕುಶಲೆಯ ತಾಯಿಮನೆ ಎಂದರೆ ಸೋರುವ ಎರಡು ಕೋಣೆ, ಒಳಗೆ ಒಂಬತ್ತು ಜನ. ತಾನು ಹೋದರೆ ತನ್ನ ಹುಡುಗಿಯರು ಅಲ್ಲಿ ಎಲ್ಲಿ ಮಲಗಬೇಕು? ಹೆಸರು ಬದಲಿಸಿದರೆ ಗಂಡ ಇಲ್ಲದ ಅಕ್ಕನಿಗೆ ಮೋಸ. ಬದಲಿಸದಿದ್ದರೆ ಮಕ್ಕಳಿಗೆ ಮೋಸ.

ಎಲ್ಲ ಕೇಳಿಸುತ್ತಿದ್ದರೂ ಒಳಗೆ ಕುಶಲಾ ತನ್ನ ಪಾಡಿಗೆ ಅಕ್ಕಿ ಆರಿಸುತ್ತಿದ್ದಳು. ಅವಳು ಹಾಗೆಯೇ. ಎಂಟು ವರ್ಷದ ಸಂಸಾರದಲ್ಲಿ ಬಸ್ಸು ಎಷ್ಟು ತಡವಾದರೂ ಏಕೆಂದು ಕೇಳಿದವಳಲ್ಲ. ಗಂಜಿ ಮುಚ್ಚಿಟ್ಟು ಮಕ್ಕಳ ಪಕ್ಕ ಮಲಗಿಬಿಡುವಳು.

ಚೆನ್ನಪ್ಪ ಹಾಳೆ ಮಡಚಿಕೊಂಡು ತನ್ನ ಬಸ್ಸಿನ ದಾರಿಯಲ್ಲೇ ಇರುವ ಬಿಕರ್ನಕಟ್ಟೆಗೆ ನಡೆದ. ಅಕ್ಕ ಅಂಗಳದಲ್ಲಿ ಬೀಡಿ ಕಟ್ಟುತ್ತಿದ್ದಳು. ಅವನು ತೊದಲುತ್ತ ಎಲ್ಲ ಹೇಳಿ ಮುಗಿಸುವುದರೊಳಗೆ ಅವಳು ಮೂರು ಬೀಡಿ ಕಟ್ಟಿದಳು.

"ಅವಳ ಹೆಸರೇ ಬರೆಸು."

"ಅಕ್ಕ, ನಮ್ಮ ಕಟ್ಟಳೆ..."

"ಕಟ್ಟಳೆ ಗದ್ದೆಗಿರಲಿ. ನನ್ನ ಮಕ್ಕಳು ಹಂಚಿನ ಕಾರ್ಖಾನೆಗೆ ಹೋಗ್ತಾರೆ ಈಗ, ನಿನ್ನ ಅಕ್ಕಿ ಕಾಯುವುದಿಲ್ಲ. ನನಗೆ ಆ ಕಾಗದ ಬೇಡ ಚೆನ್ನ. ಹತ್ತು ವರ್ಷ ಸಾಕಾಯ್ತು."

"ಎಂತ ಸಾಕಾಯ್ತು?"

ಬಾಗಿಯ ಕೈ ನಿಂತಿತು. "ದಿನಾ ಸಂಜೆ ನಾನು ರಸ್ತೆಗೆ ಬಂದು ನಿಲ್ತೇನಲ್ಲ, ಯಾಕೆ ಅಂತ ಗ್ರಹಿಸಿದ್ದೀ?"

ಅಕ್ಕನ ಪ್ರೀತಿ ಎಂದೇ ಅವನು ಗ್ರಹಿಸಿದ್ದ. ಅವಳು ಕಂಡಾಗಲೆಲ್ಲ ಹಾರ್ನ್ ಒತ್ತಿ ನಗುತ್ತಿದ್ದ.

"ಒಂದು ದಿನ ಮನೆಯಲ್ಲಿ ಒಂದು ಕಾಳು ಇರ್ಲಿಲ್ಲ. ಮಕ್ಕಳು ಹಸಿದು ಅಳ್ತಿದ್ರು. ಅಕ್ಕಿ ತರುವ ನಿನ್ನ ಬಸ್ಸೂ ಬರ್ಲಿಲ್ಲ. ಇವ ಸತ್ತುಹೋಗಿದ್ರೆ ಆ ಕಾಗದದ ಹಣದಲ್ಲಿ ಮಕ್ಕಳು ಉಣ್ತಾರೆ ಅಂತ ಮನಸ್ಸಿಗೆ ಬಂತು. ಒಂದೇ ಸಲ ಬಂತು. ಅಂದಿನಿಂದ ನಿನ್ನ ಬಸ್ಸು ಹಾದು ಹೋಗುವುದನ್ನು ನೋಡದೆ ಒಳಗೆ ಹೋಗ್ಲಿಕ್ಕೆ ನನಗೆ ಆಗ್ಲಿಲ್ಲ."

ಚೆನ್ನಪ್ಪನಿಗೆ ಸಿಟ್ಟು ಬರಬೇಕಿತ್ತೋ ಅಳು ಬರಬೇಕಿತ್ತೋ, ಎರಡೂ ಬರಲಿಲ್ಲ. ಅಕ್ಕ ಕೊಟ್ಟ ನೀರು ಕುಡಿದು ಎದ್ದು ಬಂದ. ಮೋಹನದಾಸನಿಗೆ ಕುಶಲೆಯ ಹೆಸರು ಹೇಳಿ ರುಜು ಹಾಕಿದ. ಹದಿನೈದು ವರ್ಷಕ್ಕೆ.

ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಕುಶಲಾ ಬಾಗಿಲಿಗೆ ಬಂದಳು.

"ಇವತ್ತು ಎಷ್ಟು ಗಂಟೆಗೆ ಬರ್ತೀರಿ?"

"ಎಂದಿನ ಹಾಗೆ," ಎಂದ ಚೆನ್ನಪ್ಪ. ಎಂದಿನ ಹಾಗೆ ಎಂದರೆ ಎಷ್ಟು ಗಂಟೆ ಎಂದು ಅವಳಿಗೆ ಗೊತ್ತಿಲ್ಲವೆಂಬುದು ಅವನಿಗೆ ದಾರಿಯಲ್ಲಿ ಹೊಳೆಯಿತು.

ಸಂಜೆ ಬಿಕರ್ನಕಟ್ಟೆಯಲ್ಲಿ ಅಭ್ಯಾಸಬಲದಿಂದ ಹಾರ್ನ್ ಒತ್ತಿದ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಲ್ಮಠದ ತಿರುವಿನಲ್ಲಿ ಕುಶಲಾ ಕಿರಿಯ ಮಗಳನ್ನು ಸೊಂಟದಲ್ಲಿ ಹೊತ್ತು, ಅಕ್ಕ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು. ಹಾರ್ನ್ ಒತ್ತಬೇಕೋ ಬೇಡವೋ ಚೆನ್ನಪ್ಪನಿಗೆ ತಿಳಿಯಲಿಲ್ಲ.